ಎದೆಯ ಮೇಲಿನ ಕರಡಿಗೆ

“ಉಸಿರಿರೋ ತನಕ ಲಿಂಗ ಮೈಯಿಂದ ಇಳಿಸಲ್ಲ” ಎಂದು ಎಂಟನೇ ವಯಸ್ಸಿನಲ್ಲಿ, ದೀಕ್ಷೆಯ ದಿನ, ಸಿಂಧು ತನ್ನ ಅಜ್ಜಿ ರುದ್ರಮ್ಮನಿಗೆ ಮಾತು ಕೊಟ್ಟಿದ್ದಳು. ಈಗ ಲಿಂಗವಿರುವ ಅದೇ ಬೆಳ್ಳಿ ಕರಡಿಗೆ ಎದೆಗೆ ತಾಗಿದರೆ ಹಸಿಮೆಣಸು ಅರೆದು ಹಚ್ಚಿದಂತೆ ಉರಿ. ಸ್ತನ ದೊಡ್ಡದು ಮಾಡಿಸಿಕೊಂಡು ಐದು ವಾರವಾಗಿತ್ತು. ಸೆರಗು ಸೋಕಿದರೂ ಜೀವ ಹೋಗುತ್ತಿತ್ತು. “ನರ ಚಿಗುರ್ತಿವೆ ಮೇಡಂ, ತಡ್ಕೊಳ್ಳಿ” ಎನ್ನುವುದು ಬಿಟ್ಟರೆ ಡಾಕ್ಟರಿಗೆ ಬೇರೆ ಮಾತಿರಲಿಲ್ಲ.

ಹುಲಿಕೆರೆಯಿಂದ ಅರಸೀಕೆರೆಗೆ ಬಂದ ಅಜ್ಜಿಗೆ, ಒಂದು ಕೈಯಲ್ಲಿ ಕರಡಿಗೆಯ ಶಿವದಾರವನ್ನು ಎದೆಯಿಂದ ಎತ್ತಿ ಹಿಡಿದುಕೊಂಡೇ ಇನ್ನೊಂದರಲ್ಲಿ ಕಾಫಿ ಕೊಟ್ಟಳು.

“ಅದ್ಯಾಕೇ ಹಂಗೆ ಹಿಡ್ಕಂಡಿದೀಯ? ಒಳಗೇನು ಚೇಳೈತಾ?”

“ಉರೀತೈತೆ ಅಜ್ಜಿ. ಎದೆ ಆಪರೇಷನ್ ಆಯ್ತು.”

“ಗಡ್ಡೇನೇ?” ಅಜ್ಜಿ ಲೋಟ ಕೆಳಗಿಟ್ಟಳು.

ಹೌದು ಎಂದಿದ್ದರೆ ಮುಗಿದುಹೋಗುತ್ತಿತ್ತು. “ಗಡ್ಡೆಯಲ್ಲ, ನಾನೇ ಆಸೆಪಟ್ಟು ದೊಡ್ಡದು ಮಾಡಿಸ್ಕೊಂಡೆ. ಬೈಯೋದಿದ್ರೆ ಬೈದುಬಿಡು!” ಎಂದು ಸಿಂಧು ರೇಗಿದಳು.

“ಆಸೆಗೆ ಏನಂತ ಬೈಲಿ? ಇಷ್ಟು ನೋವಲ್ಲೂ ಕತ್ತಿಗೇ ಹಾಕ್ಕಂಡು ಕೂತಿದೀಯಲ್ಲ ದಡ್ಡಿ, ಅದಕ್ಕೆ ಬೈಬೇಕು. ತೋಳಿಗೂ ಕಟ್ಕಬೌದು ಕಣೇ!” ರುದ್ರಮ್ಮ ಕರಡಿಗೆಯನ್ನು ಮೊಮ್ಮಗಳ ಅಂಗೈಯಲ್ಲೇ ಹಿಡಿಸಿ, ಗಂಟು ಬಿಚ್ಚಿ, ಎಡ ರಟ್ಟೆಗೆ ಬಿಗಿದಳು.

ಎದೆ ಉರಿಯುತ್ತಲೇ ಇತ್ತು. ಲಿಂಗ ಮೈಯಿಂದ ಇಳಿಯಲಿಲ್ಲ.