ಕೊಟ್ಟವಳ ಬಿಸುಪು

ಖಾನಾವಳಿಯ ಕೆಲಸ ಮುಗಿಸಿ ದಣಿದು ಬಂದ ಫಕೀರವ್ವ ಎಂದಿನಂತೆ ತಮ್ಮ ನೀಲಪ್ಪನ ಮುಂಗೈ ಮೇಲೆ ಅಂಗೈಯಿಟ್ಟು ಕುಳಿತಳು. ಪವರ್‌ಲೂಮಿಗೆ ಸಿಕ್ಕಿ ತುಂಡಾಗಿದ್ದ ಅವನ ಆ ಕೈಯ ನರಕ್ಕೆ ಕಸಿ ಮಾಡಿ, ಅದು ಬೆಳೆಯಲೆಂದು ಅವಳ ನರದ ಆಸರೆ ಕೋಶಗಳನ್ನು ತುಂಬಿದ್ದರು. ಕೊಟ್ಟವರ ಬಿಸುಪು ದಿನವೂ ತಾಗದಿದ್ದರೆ ಆ ಕೋಶಗಳು ಕೆಲಸ ಬಿಡುತ್ತವೆಂಬುದು ಊರಿಗೆಲ್ಲ ಗೊತ್ತಿದ್ದ ಮಾತು.

“ಸಾಕು ಬಿಡಕ್ಕಾ. ವರ್ಷಾತು, ಈ ಕೈಗೆ ಮುಟ್ಟಿದ್ದು ಏನೂ ತಿಳೀವಲ್ದು. ಹೋಗಿ ಮಲಕೋ,” ಎಂದ ನೀಲಪ್ಪ.

“ಸುಮ್ನ ಕುಂಡ್ರೋ,” ಎಂದವಳು ಗೋಡೆಗೊರಗಿದಳು. ಕಣ್ಣು ತಾನಾಗಿ ಮುಚ್ಚಿತು.

ಸ್ವಲ್ಪ ಹೊತ್ತಿಗೆ ನೀಲಪ್ಪ ಅವಳನ್ನು ಅಲುಗಿಸಿ ಎಬ್ಬಿಸಿದ.

“ಅಕ್ಕಾ, ನಿನ್ನ ಅಂಗೈ ಎಷ್ಟು ಒರಟಾಗೇತಿ!”

“ದಿನಾ ರೊಟ್ಟಿ ಬಡಿಯೋ ಕೈ, ಮತ್ತ ಹೆಂಗಿರಬೇಕು?” ಎಂದು ಗೊಣಗಿದ ಫಕೀರವ್ವ, ಅವನ ಮಾತು ತಲೆಗೆ ಹೋದೊಡನೆ ಅವನ ಕೈಯನ್ನು ಎದೆಗೊತ್ತಿಕೊಂಡು ಅತ್ತುಬಿಟ್ಟಳು.