ಸೊಂಟದ ಅಳತೆ

ಅಳತೆಯ ಟೇಪನ್ನು ಸ್ಟೆತಾಸ್ಕೋಪಿನಂತೆ ಕೊರಳಿಗೆ ನೇತುಹಾಕಿಕೊಂಡು, ಆಸ್ಪತ್ರೆಯಿಂದ ಬಂದ ಟೈಲರ್, ತನ್ನನ್ನು ನೋಡಿದ ಡಾಕ್ಟರರ ಮೂಗುದನಿಯನ್ನು ಹೆಂಡತಿಯೆದುರು ಅಣಕಿಸಿದ: "ನೋಡೀಮ್ಮಾ, ನಿಮ್ಮ ಯಜಮಾನ್ರಿಗೆ ಹನ್ನೆರಡು ವರ್ಷದ ಶುಗರ್ರು. ವಯಸ್ಸು, ರಕ್ತಪರೀಕ್ಷೆ ಎಲ್ಲ ಸೇರಿಸಿ ಲೆಕ್ಕ ಹಾಕಿದ್ರೆ ಮುಂದೆ ಲಿವರ್ ಕೈಕೊಡೋ ಸೂಚನೆ ಇದೆ. ಗುರುವಾರ ಸ್ಕ್ಯಾನ್ ಮಾಡಿ ನೋಡೋಣ, ಆಂ?"

ಅಂಗಿಗೆ ಗುಂಡಿ ಹೊಲಿಯುತ್ತಿದ್ದ ಅವಳು ನಗಲಿಲ್ಲ. "ಒಂದು ತೊಟ್ಟು ಕುಡಿದವರಲ್ಲ ನೀವು. ಲಿವರಿಗೇನು ಬಂತು?"

"ನಾನೂ ಅದನ್ನೇ ಕೇಳ್ದೆ. ಶುಗರ್ ಜೊತೆ ಹೊಟ್ಟೆನೂ ಬಂದ್ರೆ, ಕುಡೀದೆ ಇದ್ರೂ ಕೆಡುತ್ತಂತೆ. ಪ್ಯಾಂಟು ಬಿಗಿಯಾಗಿದ್ಯಾ ಅಂದ್ರು. ಎಲ್ಲಿಯ ಬಿಗಿ ಸಾರ್, ನಾಲ್ಕು ವರ್ಷದ ಹಳೇ ಪ್ಯಾಂಟೇ ಸಲೀಸಾಗಿ ಹಿಡಿಸುತ್ತೆ ಅಂದೆ."

ಅವಳ ಸೂಜಿ ಅಲ್ಲೇ ನಿಂತಿತು. "ಹಿಡಿಸದೆ ಏನ್ರೀ? ವರ್ಷಾ ವರ್ಷಾ ಸೊಂಟದ ಹಿಂಬದಿ ಹೊಲಿಗೆ ಬಿಚ್ಚಿ ನಾನೇ ಅರ್ಧರ್ಧ ಇಂಚು ಅಗಲ ಬಿಡ್ತಾ ಬಂದೆ. ನಿಮ್ಮ ಮನಸ್ಸಿಗೆ ನೋವಾಗಬಾರದು ಅಂತ."

"ಗೊತ್ತಿತ್ತು ಕಣೇ," ಎಂದ. ಮೂಗುದನಿ ಹೋಗಿ ಅವನದೇ ದನಿ ಬಂದಿತ್ತು. "ನಿನ್ನ ಕೈಹೊಲಿಗೆ ನನಗೆ ತಿಳಿಯಲ್ವಾ? ಸುಮ್ನೆ ಇದ್ದುಬಿಟ್ಟೆ. ಡಾಕ್ಟರ ಮುಂದೆ ಬಾಯಿಬಿಡೋಕೂ ಹೆದರಿದೆ."

ಅವಳು ಎದ್ದು ಬಂದು ಅವನ ಕೊರಳಿನ ಟೇಪನ್ನು ಎಳೆದು ಸೊಂಟಕ್ಕೆ ಸುತ್ತಿದಳು. ಗಿರಾಕಿಗಳ ಅಳತೆ ತೆಗೆಯುವಾಗ ಅವಳು ಕೂಗುವುದು, ಅವನು ಬರೆದುಕೊಳ್ಳುವುದು ಅಂಗಡಿಯ ಹಳೆಯ ರೂಢಿ. ಕಣ್ಣೊರೆಸಿಕೊಂಡು ಅದೇ ರಾಗದಲ್ಲಿ ಕೂಗಿದಳು: "ಸೊಂಟ, ನಲವತ್ತೆರಡೂ..."

ಅವನು ಕಿವಿಯ ಮೇಲಿನ ಪೆನ್ಸಿಲ್ ತೆಗೆದು, ಅಳತೆಪುಸ್ತಕದ ಹೊಸ ಹಾಳೆಯಲ್ಲಿ ಮೊದಲ ಸಲ ತನ್ನದೇ ಅಳತೆ ಬರೆದುಕೊಂಡ. ಅದರ ಕೆಳಗೆ ಇನ್ನೊಂದು ಸಾಲು ಬರೆದು ಪುಸ್ತಕವನ್ನು ಅವಳ ಕಡೆ ತಿರುಗಿಸಿದ: "ಗುರುವಾರ ಅಂಗಡಿ ರಜ. ಇಬ್ಬರೂ ಹೋಗುವುದು."