ಎರಡು ಆಷಾಢ

ಹಾಲು ಇನ್ನೂ ಉಕ್ಕಿರಲಿಲ್ಲ, ಬಾಗಿಲಿಗೆ ನೋಟಿಸು ಅಂಟಿಬಿಟ್ಟಿತು. ಅಡ್ಯಾರಿನ ಆ ಫ್ಲಾಟಿಗೆ ಕಟ್ಟಿದ ಮಾವಿನ ತೋರಣ ಸರಿಸಿ, ಅರಿಶಿನ ಹಚ್ಚಿದ ಜಾಗಕ್ಕೇ ಕೋರ್ಟಿನ ಅಮೀನ ಗೋಂದು ಬಳಿದದ್ದನ್ನು ಸುಮೇಧಾ ಒಲೆಯ ಪಕ್ಕದಿಂದಲೇ ನೋಡಿದಳು. ಅವನ ಹಿಂದೆ ಐವತ್ತು ದಾಟಿದ ಹೆಂಗಸೊಬ್ಬಳು ಕೈಚೀಲ ಅವಚಿಕೊಂಡು ನಿಂತಿದ್ದಳು.

"ಇದು ನಮ್ಮನೆ ರೀ!" ಸಿಟ್ಟಿನಲ್ಲಿ ಗಂಡ ಸುಜಯೀಂದ್ರನಿಗೆ ತಮಿಳೇ ಮರೆತುಹೋಗಿತ್ತು. "ವರದರಾಜನ್‌ಗೆ ಮುಕ್ಕಾಲು ದುಡ್ಡು ಕೊಟ್ಟಾಗಿದೆ. ಇವತ್ತೇ ರಿಜಿಸ್ಟ್ರೇಷನ್!"

ಕನ್ನಡ ಕೇಳಿ ಹೆಂಗಸು ತಲೆಯೆತ್ತಿದಳು. "ನಾನು ಸುಗುಣಾ. ನಮ್ಮ ಯಜಮಾನರು ಹೋದ ಮೇಲೆ ಬಂದ ಪಿ.ಎಫ್. ದುಡ್ಡು ಪೂರಾ ಆ ವರದರಾಜನ್ ವ್ಯಾಪಾರಕ್ಕೆ ಅಂತ ಇಸ್ಕೊಂಡು ನುಂಗಿದಾನೆ. ಅವನ ಹೆಸರಲ್ಲಿ ಉಳಿದಿರೋದು ಈ ಫ್ಲಾಟ್ ಒಂದೇ. ಜಪ್ತಿ ಆಗಿದೆ. ಅವನು ಮಾರೋ ಹಾಗಿಲ್ಲ."

"ನಮಗೆ ಮಾರಿ ಆಗಿದೆ!"

"ಪತ್ರ ಎಲ್ಲಿದೆ? ದುಡ್ಡು ಕೊಟ್ಟ ತಕ್ಷಣ ಯಾಕೆ ಮಾಡಿಸ್ಕೊಳ್ಳಲಿಲ್ಲ?"

ಸುಜಯೀಂದ್ರ ಹೆಂಡತಿಯ ಕಡೆ ನೋಡಿದ. ಆಷಾಢದಲ್ಲಿ ಮನೆ ಪತ್ರಕ್ಕೆ ಸಹಿ ಹಾಕುವುದುಂಟೇ ಎಂದು ಹಟ ಹಿಡಿದವಳು ಅವಳೇ. ಶ್ರಾವಣ ಬಂತೆಂದು ಹೊರಟರೆ ವರದರಾಜನ್ ಕೈ ಮುಗಿದಿದ್ದ: ನಿಮ್ಮ ಆಷಾಢ ಮುಗಿಯಿತಮ್ಮ, ನಮ್ಮ ತಮಿಳರ ಆಡಿ ಮಾಸ ಇನ್ನೂ ಇದೆ. ಅವರ ಪಂಚಾಂಗ ಅವರಿಗೆ ಎಂದು ಗಂಡಹೆಂಡತಿ ಮರ್ಯಾದೆಯಿಂದ ಕಾದರು. ಆಡಿ ಕಳೆದು, ಮೊದಲ ಮುಹೂರ್ತ ಇವತ್ತು.

"ಆಷಾಢ ಇತ್ತು. ಆಮೇಲೆ ಅವರಿಗೆ ಆಡಿ," ಎಂದಳು. ಹೇಳುವಾಗ ಅವಳಿಗೇ ನಾಚಿಕೆಯಾಯಿತು.

"ಆಡಿ ಕಳೀಲಿ, ಆಮೇಲೆ ಕೇಸ್ ಹಾಕೋಣ ಅಂತ ನಾನೂ ಅಂದೆ. ವಕೀಲರು ಬೈದರು. 'ಕೋರ್ಟುಕ್ಕು ಏದಮ್ಮಾ ಆಡಿ?' ಕೋರ್ಟಿಗೆ ಎಲ್ಲಿಯ ಆಡಿ ಅಂತ." ಸುಗುಣಾಳ ದನಿಯಲ್ಲಿ ಗೆದ್ದ ಜಂಬವಿರಲಿಲ್ಲ.

ಅಷ್ಟರಲ್ಲಿ ಚುರ್ರೆಂದಿತು. ಹಾಲು ಉಕ್ಕಿ ಒಲೆಯ ಮೇಲೆಲ್ಲ ಹರಿಯಿತು. ಸುಮೇಧಾ ಕದಲಲಿಲ್ಲ. ಸುಗುಣಾಳೇ ಚಪ್ಪಲಿ ಬಿಟ್ಟು, ಹೊಸ್ತಿಲು ತುಳಿಯದಂತೆ ದಾಟಿ ಓಡಿಬಂದು ಗ್ಯಾಸ್ ಆರಿಸಿದಳು.

"ಪೂರ್ವಕ್ಕೆ ಉಕ್ಕಿದೆ," ಎಂದಳು ಅಭ್ಯಾಸಬಲದಿಂದ. "ಮನೆಯವರಿಗೆ ಒಳ್ಳೇದಾಗತ್ತೆ."

ಅಂದವಳೇ ನಾಲಿಗೆ ಕಚ್ಚಿಕೊಂಡಳು. ಪಕ್ಕದಲ್ಲಿದ್ದ ಒರೆಸುವ ಬಟ್ಟೆಗೆ ಇಬ್ಬರೂ ಒಟ್ಟಿಗೇ ಕೈ ಹಾಕಿದರು. ಯಾರೂ ಬಿಡಲಿಲ್ಲ.